ಅಮಲಿನಲ್ಲಿ ಆಡಿದ ಮಾತು

ಹಸಿರು ದೀಪ ಹತ್ತಿತು, ಆದರೆ ಕೆಂಪು ಹೋಗಲಿಲ್ಲ. ಎರಡೂ ಒಂದರ ಮೇಲೊಂದು ಕೂತು, ಒದ್ದೆ ಕಾಗದಕ್ಕೆ ಬಿದ್ದ ಬಣ್ಣದ ಹಾಗೆ ಅಂಚಿನಲ್ಲಿ ಹರಡತೊಡಗಿದವು. ಡ್ರೈವಿಂಗ್ ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮತ್ತೆ ನೋಡಿದರೆ ದೀಪದ ಕಂಬವೇ ತುಸು ವಾಲಿ, ಅವರನ್ನು ಏನೋ ಕೇಳುವಂತಿತ್ತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಸದ್ದು ಕಿವಿಗೆ ಬಂದಂತೆ ಅನ್ನಿಸಲಿಲ್ಲ, ಬೆನ್ನಿಗೆ ಬಂದು ತಾಗಿತು.

"ಹೋಗ್ಲಾ ಮೇಷ್ಟ್ರೇ?" ಎಂದರು ಸ್ಟೀರಿಂಗ್ ಹಿಡಿದು ಕೂತಿದ್ದ ಟೈಲರಮ್ಮ.

ಹೋಗಿ ಎನ್ನಬೇಕು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಬಾಯಿ ತೆರೆದರೆ ಮಾತಿನ ಬದಲು ಆಕಳಿಕೆ ಬಂತು. ಗಾಡಿ ಹತ್ತಿದಾಗಿನಿಂದ ಇದೇ ಕಥೆ. ನಿದ್ದೆಯಿಲ್ಲದ ಆಕಳಿಕೆ, ಒಂದರ ಬೆನ್ನಿಗೆ ಇನ್ನೊಂದು. ಅವರು ಕೈಸನ್ನೆ ಮಾಡಿದರು. ಟೈಲರಮ್ಮ ಕ್ಲಚ್ ಬಿಟ್ಟರು. ಗಾಡಿ ಮುಗ್ಗರಿಸಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮುಂದಿನ ರಸ್ತೆ, ಕೊಡವಿ ಹಾಸಿದ ಬಟ್ಟೆಯ ಹಾಗೆ ಸಣ್ಣಗೆ ಅಲೆಯೆದ್ದದ್ದನ್ನು ಕಂಡು ಮೇಷ್ಟ್ರು ತಮ್ಮ ಕಾಲಡಿಯ ಬ್ರೇಕನ್ನು ಒತ್ತಿಬಿಟ್ಟರು. ಎಂಜಿನ್ ನಿಂತುಹೋಯಿತು.

ಕಲಿಸುವವರ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುವ ಗಾಡಿ ಅದು. ಅದರಲ್ಲಿ ಕೂತೇ ಅವರು ಆ ಊರಿನ ಎಷ್ಟೋ ಮನೆಗಳಿಗೆ ಡ್ರೈವಿಂಗ್ ಕಲಿಸಿದ್ದರು. ಕಡ್ಡಿಯಂಥ ಮನುಷ್ಯ, ಕಾಲರಿನ ಕೊನೆಯ ಗುಂಡಿಯವರೆಗೂ ಹಾಕಿಕೊಳ್ಳುವವರು. ಕಲಿಯುವವರು ಗೋಡೆಗೆ ಗುದ್ದಿದರೂ ದನಿ ಏರಿಸದೆ, "ಪರವಾಗಿಲ್ಲ, ಗೋಡೆ ಅಲ್ಲೇ ಇತ್ತು, ನಾವು ನೋಡ್ಬೇಕಿತ್ತು" ಎನ್ನುವವರು. ಕುಡಿತವಿಲ್ಲ, ಸಿಗರೇಟಿಲ್ಲ, ದಿನಕ್ಕೊಂದು ಬಿಪಿ ಮಾತ್ರೆ ನುಂಗುವುದೇ ಅವರಿಗಿದ್ದ ಚಟ ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

ಆ ಬೆಳಿಗ್ಗೆ ಏಳುವುದು ತಡವಾಗಿತ್ತು. ಮಗಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಆಗಲೇ ಹೊರಟುಹೋಗಿದ್ದಳು. ಹೊಟ್ಟೆಗೇನಾದರೂ ಸಿಕ್ಕೀತೆಂದು ಫ್ರಿಜ್ಜು ತೆರೆದ ಮೇಷ್ಟ್ರಿಗೆ, ಬೆಣ್ಣೆಯ ಡಬ್ಬಿಯ ಹಿಂದೆ, ಬೆಳ್ಳಿ ಕಾಗದ ಸುತ್ತಿದ ಚಾಕೊಲೇಟು ಕಂಡಿತು. ಮಗಳದೇ ಇರಬೇಕು, ತಿಂದರೆ ಬೈಯಲಾರಳು ಎಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಕಹಿಯಾಗಿತ್ತು, ಮಣ್ಣಿನಂಥದೇನೋ ಒಂದು ವಾಸನೆ. ಹಸಿದವನಿಗೆ ಅದೇನು ದೊಡ್ಡದಲ್ಲ. ಗಾಡಿ ಒರೆಸುತ್ತ ಅರ್ಧಕ್ಕಿಂತ ಹೆಚ್ಚು ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಅದರ ಜಾಗದಲ್ಲೇ ಇಟ್ಟು ಬಂದಿದ್ದರು. ಅದನ್ನು ಅವರು ಆಗಲೇ ಮರೆತಿದ್ದರು. ಈಗ ಅಂಗೈ ತಣ್ಣಗಾಗಿ ಬೆವರುತ್ತಿತ್ತು, ದವಡೆ ತಾನಾಗಿ ಬಿಗಿದುಕೊಳ್ಳುತ್ತಿತ್ತು.

ಟೈಲರಮ್ಮ ಅವರ ಮುಖ ನೋಡಿ ಗಾಬರಿಯಾದರು. ಟೈಲರಮ್ಮ ಎಂದರೆ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಐವತ್ತರ ಹೆಂಗಸು. ಮೆಷಿನ್ನಿನ ಪೆಡಲು ತುಳಿದು ತುಳಿದು ಅಭ್ಯಾಸವಾಗಿದ್ದರಿಂದ ಆಕ್ಸಿಲರೇಟರನ್ನೂ ಹಾಗೇ ತುಳಿಯುತ್ತಾರೆಂದು ಮೇಷ್ಟ್ರು ಹಿಂದಿನ ವಾರವಷ್ಟೇ ನಕ್ಕಿದ್ದರು.

"ಏನಾಗ್ತಿದೆ ಮೇಷ್ಟ್ರೇ? ಎದೆ ನೋವಾ?"

ಎದೆಯಲ್ಲ ಎಂದು ಮೇಷ್ಟ್ರು ತಲೆಯಾಡಿಸಿದರು. ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಗಾಜಿನ ಮೇಲಿನ ಧೂಳಿನ ಒಂದೊಂದು ಕಣವೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕೈ ಆಡಿಸಿದರೆ ಕೈಯ ಹಿಂದೆ ಇನ್ನೂ ನಾಲ್ಕಾರು ಕೈಗಳು ಸಾಲಾಗಿ ಬರುತ್ತಿದ್ದವು. ಕೊನೆಗೆ ಅವರು, ರಸ್ತೆ ಸರಿಯಿಲ್ಲ, ಎಂದಷ್ಟೇ ಹೇಳಿದರು. ರಸ್ತೆ ನೆಟ್ಟಗೇ ಇತ್ತು. ಟೈಲರಮ್ಮನಿಗೆ ತನ್ನ ಗಂಡ ಲಕ್ವ ಹೊಡೆದು ಬಿದ್ದ ದಿನ ನೆನಪಿಗೆ ಬಂತು. ಆತನೂ ಮೊದಲು ಹೀಗೇ ಅಸಂಬದ್ಧ ಮಾತಾಡಿದ್ದ.

ಟೈಲರಮ್ಮ ಅದುವರೆಗೆ ಎರಡನೇ ಗೇರಿನಿಂದ ಮೇಲೆ ಹೋದವರಲ್ಲ. ಆಸ್ಪತ್ರೆ ದೂರವಿರಲಿಲ್ಲ, ಆದರೆ ನಡುವೆ ಒಂದು ಸರ್ಕಲ್ ಇತ್ತು, ಒಂದು ಸೇತುವೆ ಇತ್ತು. ಸರ್ಕಲ್ಲಿನಲ್ಲಿ ಮೇಷ್ಟ್ರು ಮತ್ತೆ ಬ್ರೇಕಿಗೆ ಕಾಲು ಕೊಟ್ಟಾಗ ಅವರಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದು, "ಕಾಲು ಎತ್ತಿ ಸೀಟಿನ ಮೇಲಿಟ್ಕೊಳ್ಳಿ ಮೇಷ್ಟ್ರೇ. ಇವತ್ತು ಗಾಡಿ ನಂದು" ಎಂದರು. ಮೇಷ್ಟ್ರು ಚಿಕ್ಕ ಮಗುವಿನ ಹಾಗೆ ಎರಡೂ ಕಾಲು ಮೇಲೆತ್ತಿಕೊಂಡು ಕೂತರು. ಆ ಮೇಲಿನದು ಅವರಿಗೆ ಸರಿಯಾಗಿ ನೆನಪಿಲ್ಲ. ಸೇತುವೆ ಮುಗಿಯಲೇ ಇಲ್ಲ ಎನ್ನುವುದೊಂದು ನೆನಪಿದೆ. ಕೆಳಗಿನ ನೀರು ಹೊಳೆಯುತ್ತಲೇ ಇತ್ತು, ಗಾಡಿ ಹೋಗುತ್ತಲೇ ಇತ್ತು, ಹೀಗೇ ಒಂದು ಜನ್ಮ ಕಳೆದುಹೋಗುತ್ತದೆ ಎಂದು ಅವರಿಗೆ ಅನ್ನಿಸಿತ್ತು, ಹಾಗನ್ನಿಸಿದ್ದಕ್ಕೆ ಭಯವೇ ಆಗಿರಲಿಲ್ಲ.

ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ, ಎದೆಗೆ ವೈರುಗಳನ್ನು ಅಂಟಿಸಿದರು. ಬಿಪಿ ಏರಿತ್ತು, ನಾಡಿ ಓಡುತ್ತಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ನಗಲು ಹೇಳಿದರು, ಎರಡೂ ಕೈ ಎತ್ತಲು ಹೇಳಿದರು, ಹೆಸರು ಕೇಳಿದರು. ಕೈ ಎತ್ತುವುದು ಸುಲಭವಾಯಿತು. ಹೆಸರಿನಲ್ಲಿ ಮೇಷ್ಟ್ರು ಸಿಕ್ಕಿಬಿದ್ದರು. ಹೆಸರು ಗೊತ್ತಿತ್ತು, ಆದರೆ ಅದು ಯಾರೋ ಬಿಚ್ಚಿ ಮೊಳೆಗೆ ನೇತುಹಾಕಿದ ಅಂಗಿಯ ಹಾಗೆ ತಮಗಿಂತ ಬೇರೆಯಾಗಿ, ಸ್ವಲ್ಪ ದೂರದಲ್ಲಿ ಇತ್ತು. ಅದನ್ನು ತಮ್ಮದೆಂದು ಹೇಳಿದರೆ ಸುಳ್ಳಾಗುತ್ತದೇನೋ ಎಂದು ಅವರು ಯೋಚಿಸುತ್ತ ಸುಮ್ಮನಾದರು. ಡಾಕ್ಟರಮ್ಮ ನರ್ಸಿನ ಮುಖ ನೋಡಿ, ತಲೆಯ ಸ್ಕ್ಯಾನಿಗೆ ಕರೆದುಕೊಂಡು ಹೋಗಲು ತಯಾರಿ ಮಾಡಿ ಎಂದರು.

ಅಷ್ಟರಲ್ಲಿ ಮಗಳು ಬಂದಳು. ಟೈಲರಮ್ಮನ ಫೋನಿಗೆ ಅಂಗಡಿಯಿಂದ ಓಡಿಬಂದಿದ್ದಳು, ಕತ್ತಿನಲ್ಲಿ ಅಂಗಡಿಯ ಗುರುತುಚೀಟಿ ಇನ್ನೂ ನೇತಾಡುತ್ತಿತ್ತು. ಮಂಚದ ಹತ್ತಿರ ಬಂದು, ಅಪ್ಪಾ ಎಂದು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ದಿನವಿಡೀ ಜನರ ಕಣ್ಣು ನೋಡುವ ಕೆಲಸ ಅವಳದು. ತಲೆಯ ಮೇಲೆ ಅಷ್ಟು ದೊಡ್ಡ ದೀಪ ಉರಿಯುತ್ತಿದ್ದರೂ ಅಪ್ಪನ ಎರಡೂ ಕಣ್ಣಿನ ಪಾಪೆ ಅಗಲವಾಗಿ ತೆರೆದು, ಕಂದು ಬಣ್ಣದ ಬಳೆ ಒಂದು ಗೆರೆಯಷ್ಟೇ ಉಳಿದಿತ್ತು.

"ಅಪ್ಪ, ಫ್ರಿಜ್ಜಲ್ಲಿದ್ದ ಚಾಕೊಲೇಟ್ ತಿಂದ್ರಾ?"

ಮೇಷ್ಟ್ರು, ಕಹಿಯಿತ್ತು, ಎಂದರು.

ಮಗಳು ಡಾಕ್ಟರಮ್ಮನನ್ನು ಪರದೆಯ ಆಚೆಗೆ ಕರೆದುಕೊಂಡು ಹೋದಳು. ಅದು ಬರೀ ಚಾಕೊಲೇಟಲ್ಲ, ಅದರಲ್ಲಿ ಅಮಲಿನ ಅಣಬೆಯ ಪುಡಿ ಇದೆ ಎಂದು ಹೇಳಿದಳು. ಯಾರು ಕೊಟ್ಟರು, ಎಷ್ಟು ಇತ್ತು, ಈಗ ಎಷ್ಟು ಉಳಿದಿದೆ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಬೈಗುಳಕ್ಕೆ ಕಾದಳು. ಡಾಕ್ಟರಮ್ಮ ಬೈಯಲಿಲ್ಲ, ಇಷ್ಟು ಬೇಗ ಹೇಳಿದ್ದು ಒಳ್ಳೆಯದಾಯಿತು ಎಂದರು. ಆಮೇಲೆ, ಮುಂದೇನಾಗುತ್ತದೆ ಎಂದು ನಿಧಾನವಾಗಿ ತಿಳಿಸಿದರು. ಆ ಅಣಬೆಯ ಸತ್ವ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುತ್ತದೆ. ಸೆರೊಟೋನಿನ್ ಎಂದು ನಮ್ಮ ಮೈಯೇ ಮಾಡಿಕೊಳ್ಳುವ ಒಂದು ರಾಸಾಯನಿಕವಿದೆ, ಅದು ಕೂರಬೇಕಾದ ಜಾಗದಲ್ಲಿ ಹೋಗಿ ಇದು ಕೂರುತ್ತದೆ. ನೋಡುವುದು, ಕೇಳುವುದು, ನೆನಪಿಡುವುದು, ಇವನ್ನೆಲ್ಲ ನೋಡಿಕೊಳ್ಳುವ ಭಾಗಗಳು ಬಹುಪಾಲು ತಮ್ಮ ತಮ್ಮ ಪಾಡಿಗಿರುತ್ತವೆ. ಈಗ ಅವೆಲ್ಲ ಒಂದರೊಡನೊಂದು ಮಾತಿಗಿಳಿಯುತ್ತವೆ. ನಾನು ಬೇರೆ, ಹೊರಗಿನದು ಬೇರೆ ಎಂದು ವಿಂಗಡಿಸುವ ಭಾಗ ಸಡಿಲವಾಗುತ್ತದೆ. ಅದಕ್ಕೇ ಹೆಸರು ಹೇಳಲು ಅವರಿಗೆ ಕಷ್ಟವಾದದ್ದು.

ಮತ್ತೆ ಮೊದಲಿನ ಹಾಗೇ ಆಗುತ್ತಾರಾ ಎಂದು ಮಗಳು ಕೇಳಿದಳು. ಸಂಜೆಯ ಹೊತ್ತಿಗೆ ಇಳಿಯುತ್ತದೆ, ಬಿಪಿ ಇರುವವರಾದ್ದರಿಂದ ಅಲ್ಲಿಯವರೆಗೆ ಹೃದಯದ ಮೇಲೆ ಕಣ್ಣಿಡಬೇಕು ಎಂದರು ಡಾಕ್ಟರಮ್ಮ. ಇದಕ್ಕೆ ಪ್ರತಿಮದ್ದು ಅಂತ ಇಲ್ಲ. ಗದ್ದಲ ಬೇಡ, ಬೆಳಕು ಕಡಿಮೆಯಿರಲಿ, ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತಿರಲಿ. ಹೋಗುವ ಮುಂಚೆ ತಿರುಗಿ ಇನ್ನೊಂದು ಮಾತು ಹೇಳಿದರು. "ಈಗ ಅವರಿಗೆ ಏನೇ ಅನ್ನಿಸಿದ್ರೂ ಅದು ತುಂಬಾ ನಿಜ ಅನ್ನಿಸುತ್ತೆ. ಯಾವ ದೊಡ್ಡ ತೀರ್ಮಾನಕ್ಕೂ ಬಿಡ್ಬೇಡಿ."

ಮೂಲೆಯ ಒಂದು ಸಣ್ಣ ಕೋಣೆಗೆ ಮಂಚ ತಳ್ಳಿದರು. ಟೈಲರಮ್ಮ, ಗಾಡಿಯ ಕೀಲಿಯನ್ನು ಮಗಳ ಕೈಗೆ ಕೊಟ್ಟು, ವಾಪಸ್ಸು ನಡೆದೇ ಹೋಗುತ್ತೇನೆ ಎಂದು ಹೊರಟರು.

ಗೋಡೆಯ ಆಚೆ ಯಾರಿಗೋ ಉಸಿರಾಟದ ಯಂತ್ರ ಹಾಕಿದ್ದರು. ಅದರ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ಮಗಳಿಗೆ ಅದು ಬರೀ ಸದ್ದು. ಮೇಷ್ಟ್ರು ಮಾತ್ರ ಅದು ಉಸಿರೆಳೆದಾಗೊಮ್ಮೆ ಮೈ ಬಿಗಿ ಹಿಡಿಯುತ್ತಿದ್ದರು. ಕೈ ಗಂಟಲಿಗೆ ಹೋಗುತ್ತಿತ್ತು. ಮೈಯೆಲ್ಲ ಮುಳ್ಳೆದ್ದಿತ್ತು. ಸ್ವಲ್ಪ ಹೊತ್ತಿಗೆ ಕಣ್ಣಿನಿಂದ ನೀರು ಇಳಿಯತೊಡಗಿತು. ಅಳುತ್ತಿದ್ದಾರೆ ಎನ್ನಲು ಮುಖದಲ್ಲಿ ಅಳುವಿರಲಿಲ್ಲ. ಮಗಳು ಕೈ ಹಿಡಿದುಕೊಂಡು, ಇದು ಇಳಿದುಹೋಗುತ್ತೆ ಅಪ್ಪ, ನಾನಿಲ್ಲೇ ಇದೀನಿ, ಎಂದು ಮತ್ತೆಮತ್ತೆ ಹೇಳಿದಳು.

"ಅಮ್ಮನಿಗೆ ಸಾಕಾಗಿತ್ತು" ಎಂದರು ಮೇಷ್ಟ್ರು.

ಯಾವ ಅಮ್ಮ ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ಅಪ್ಪ ಹೇಳುತ್ತಿದ್ದದ್ದು ತಮ್ಮ ಅಮ್ಮನ ಮಾತು. ಅಜ್ಜಿ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಅಪ್ಪನ ಅಕ್ಕ, ಅವಳ ಅತ್ತೆ, ಬೇರೆ ಊರಿನಲ್ಲಿದ್ದರು. ಅಜ್ಜಿ ಅವರ ಮನೆಯಲ್ಲೇ ಇದ್ದಳು. ಅಜ್ಜಿಯ ತಲೆಯಲ್ಲಿ ರಕ್ತಸ್ರಾವವಾಗಿ ಉಸಿರಾಟದ ಯಂತ್ರಕ್ಕೆ ಹಾಕಿದಾಗ, ಇನ್ನೇನೂ ಉಳಿದಿಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದ್ದರು. ಅಪ್ಪ ಗಾಡಿ ಓಡಿಸಿಕೊಂಡು ಹೊರಟಿದ್ದರು. ಅವರು ತಲುಪುವ ಮೊದಲೇ ಅತ್ತೆ ಒಪ್ಪಿಗೆ ಕೊಟ್ಟು ಯಂತ್ರ ತೆಗೆಸಿದ್ದರು. ಅವತ್ತು ಆಸ್ಪತ್ರೆಯ ಮೆಟ್ಟಿಲಿನ ಮೇಲೆ, "ನಾನು ಬರೋವರೆಗೂ ತಡೆಯೋಕಾಗ್ಲಿಲ್ವಾ ನಿಂಗೆ?" ಎಂದು ಕೇಳಿದ್ದೇ ಕಡೆ. ಆಮೇಲೆ ಅಪ್ಪ ಅತ್ತೆಯೊಡನೆ ಮಾತಾಡಿರಲಿಲ್ಲ. ಅವಳ ಅಮ್ಮ ಸತ್ತಾಗ ಅತ್ತೆ ಬಂದು ಬಾಗಿಲಲ್ಲಿ ನಿಂತು ಹೋಗಿದ್ದರು, ಆಗಲೂ ಇಲ್ಲ.

ಅಪ್ಪ ಈಗ ತಡವರಿಸುತ್ತ, ನಿಲ್ಲಿಸುತ್ತ ಹೇಳತೊಡಗಿದರು. ಅಮ್ಮನ ಗಂಟಲಲ್ಲಿದ್ದ ನಳಿಕೆ ತಮ್ಮ ಗಂಟಲಲ್ಲೇ ಇದೆಯಂತೆ. ಹೊರಗೆ ಹೋಗಲು ಬಿಡಿ ಎಂದು ಅಮ್ಮ ಕೇಳುತ್ತಿದ್ದಾಳಂತೆ. ಅಕ್ಕ ಹಣೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಳಂತೆ, ಆ ಕೈ ಬೆಚ್ಚಗಿದೆಯಂತೆ. ಎಲ್ಲ ನಿನ್ನೆ ಕಂಡದ್ದರ ಹಾಗೆ ಹೇಳಿದರು. "ಫೋನ್ ಮಾಡು" ಎಂದರು. "ಅಕ್ಕನಿಗೆ ಹೇಳ್ಬೇಕು."

ಡಾಕ್ಟರಮ್ಮ ಹೇಳಿದ್ದು ಮಗಳ ಕಿವಿಯಲ್ಲಿತ್ತು. ಆಮೇಲೆ ಮಾಡೋಣ ಎಂದಳು. ಆಮೇಲೆ ನನಗೆ ಇದು ಸಿಗದೆ ಹೋಗಬಹುದು ಎಂದು ಅಪ್ಪ ಬೇಡಿಕೊಂಡರು. ಅವರು ಅವಳ ಹತ್ತಿರ ಏನನ್ನೂ ಬೇಡಿಕೊಂಡವರಲ್ಲ. ರಜೆಯಲ್ಲೆಲ್ಲ ಅತ್ತೆಯ ಮಡಿಲಲ್ಲಿ ಬೆಳೆದ ಹುಡುಗಿ ಅವಳು. ಎಷ್ಟೋ ವರ್ಷ ಕದ್ದುಮುಚ್ಚಿ ಅವರೊಡನೆ ಮಾತಾಡಿದ್ದಳು. ತಪ್ಪು ಎಂದು ಗೊತ್ತಿದ್ದೂ ನಂಬರು ಒತ್ತಿ ಫೋನನ್ನು ಅಪ್ಪನ ಕಿವಿಗೆ ಹಿಡಿದಳು.

"ಅಕ್ಕಾ. ನೀನು ಮಾಡಿದ್ದು ಸರಿ. ಅಮ್ಮನಿಗೆ ಸಾಕಾಗಿತ್ತು. ನಿನ್ನ ಕೈ ಹಣೆ ಮೇಲಿತ್ತು, ಅವಳಿಗೆ ಗೊತ್ತಿತ್ತು. ನಂಗೀಗ ಗೊತ್ತಾಯ್ತು."

ಆ ಕಡೆಯಿಂದ, "ಗುಂಡಾ" ಎಂದು ಒಂದೇ ಒಂದು ಮಾತು. ಕಡ್ಡಿಯಂಥ ಮೇಷ್ಟ್ರನ್ನು ಹಾಗೆ ಕರೆಯುವವರು ಈ ಲೋಕದಲ್ಲಿ ಅವರೊಬ್ಬರೇ ಉಳಿದಿದ್ದರು.

ಸಂಜೆ, ಡಾಕ್ಟರಮ್ಮ ಹೇಳಿದಂತೆಯೇ ಎಲ್ಲ ಇಳಿಯಿತು. ಗೋಡೆ ಗೋಡೆಯಾಯಿತು, ಹೆಸರು ಬಂದು ಮೈಗೆ ಹತ್ತಿಕೊಂಡಿತು. ಕೆಲವು ದಿನ ಗಾಡಿ ಮುಟ್ಟಬಾರದೆಂದು ಹೇಳಿ ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಮಗಳೇ ಓಡಿಸಿದಳು. ಒಂದು ತಿರುವಿನಲ್ಲಿ ಅವಳು ಇಂಡಿಕೇಟರ್ ಹಾಕುವುದನ್ನು ಮರೆತಳು. ಮೇಷ್ಟ್ರು ಏನೂ ಹೇಳಲಿಲ್ಲ, ಅದರಿಂದ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಮನೆಯಲ್ಲಿ ಅವರು ಕೂಗಾಡಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, ಯಾಕೆ ತಂದಿಟ್ಟಿದ್ದೆ ಎಂದು ಕೇಳಿದರು. ಅವಳು ಮೊದಲು, ಸ್ನೇಹಿತೆ ಕೊಟ್ಟಳು, ಎಂದಳು. ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ ಎಂದರು ಮೇಷ್ಟ್ರು.

"ನಂಗೆ ಏನೂ ಅನ್ನಿಸ್ತಿರ್ಲಿಲ್ಲ ಅಪ್ಪ. ಖುಷಿನೂ ಇಲ್ಲ, ಬೇಜಾರೂ ಇಲ್ಲ. ಅಮ್ಮ ಹೋದಾಗಿಂದ ಹಾಗೇ. ಇದು ತಿಂದ್ರೆ ಏನಾದ್ರೂ ಅನ್ನಿಸುತ್ತೆ ಅಂತ ಅವಳು ಹೇಳಿದ್ಲು. ತಂದಿಟ್ಟೆ, ತಿನ್ನೋಕೆ ಧೈರ್ಯ ಬರ್ಲಿಲ್ಲ."

ಮೇಷ್ಟ್ರು ಮಗಳನ್ನು ನೋಡಿದರು. ಬೆಳಿಗ್ಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ತಮಾಷೆ ಮಾಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ. ಇದರೊಳಗೆ ಎಲ್ಲಿತ್ತು ಅದು? ಎದುರಿಗೆ ಬರುವ ಗಾಡಿಯ ಚಾಲಕ ಏನು ಮಾಡುತ್ತಾನೆಂದು ಎಷ್ಟೋ ದೂರದಿಂದ ಹೇಳಬಲ್ಲ ತನಗೆ ಒಂದೇ ಮನೆಯಲ್ಲಿ ಕೂತು ಇದು ಕಂಡಿರಲಿಲ್ಲ. ಬೈಯಬೇಕೆಂದು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳು ಯಾವುವೂ ಇದಕ್ಕೆ ಹೊಂದಲಿಲ್ಲ. ಆ ಡಾಕ್ಟರಮ್ಮನ ಹತ್ತಿರ ಹೋಗಿ ಇದನ್ನೂ ಹೇಳೋಣ, ನಾನೂ ಬರುತ್ತೇನೆ ಎಂದರು. ಅವಳು ಹ್ಞೂಂ ಎಂದು ತಲೆಯಾಡಿಸಿದಳು. ಉಳಿದ ಚಾಕೊಲೇಟನ್ನು ಅವಳೇ ಪುಡಿಮಾಡಿ ಸಿಂಕಿಗೆ ಹಾಕಿ ನೀರು ಬಿಟ್ಟಳು. ಆಮೇಲೆ, ಕೈ ಒರೆಸಿಕೊಳ್ಳುತ್ತ, ಅತ್ತೆ ನಾಳೆ ಬರುತ್ತಾರಂತೆ, ಎಂದಳು.

"ಅವಳಿಗೆ ಹೇಳಿದ್ಯಾ? ನಾನು ಯಾವ ಸ್ಥಿತಿಲಿದ್ದೆ ಅಂತ?"

ಅವಳು ಹೇಳಿರಲಿಲ್ಲ.

ಮರುದಿನ ಎಚ್ಚರವಾದಾಗ ಮೇಷ್ಟ್ರಿಗೆ ತಲೆ ತೊಳೆದಿಟ್ಟಂತೆ ಹಗುರವಾಗಿತ್ತು. ಆದರೆ ತಮ್ಮೊಳಗೆ ಕೈ ಹಾಕಿ ಹುಡುಕಿದಾಗ ಗೊಂದಲವಾಯಿತು. ನಿನ್ನೆ ಅಷ್ಟು ಗಟ್ಟಿಯಾಗಿ ಗೊತ್ತಾಗಿದ್ದದ್ದು ಈಗ ಬರೀ ಒಂದು ಸಾಲು: ಅಮ್ಮನಿಗೆ ಸಾಕಾಗಿತ್ತು. ಹೇಳಿಕೊಂಡರೆ ಹೇಳಿಕೊಳ್ಳಬಹುದು, ಗಂಟಲಲ್ಲಿ ಏನೂ ಆಗುವುದಿಲ್ಲ. ಅಷ್ಟು ವರ್ಷ ಜೊತೆಗಿದ್ದ ಸಿಟ್ಟಾದರೂ ಇದೆಯೇ ಎಂದು ನೋಡಿದರೆ ಅದೂ ಮೊದಲಿನ ಜಾಗದಲ್ಲಿರಲಿಲ್ಲ. ಹಾಗಾದರೆ ಕ್ಷಮಿಸಿದ್ದು ಯಾರು? ಒಂದು ಚಾಕೊಲೇಟೇ? ಅದು ತಪ್ಪೆಂದರೆ, ಬಿಪಿ ಮಾತ್ರೆ ನುಂಗಿ ಶಾಂತವಾಗಿರುವ ತಾನು ಯಾರು? ಅಕ್ಕ ಬರುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬರಬೇಕೆಂದು ಅವರು ಮುಖಕ್ಷೌರ ಮಾಡಿಕೊಂಡರು, ಅಂಗಿ ಹಾಕಿಕೊಂಡರು, ಕಾಲರಿನ ಗುಂಡಿ ಹಾಕಿ ಮತ್ತೆ ತೆಗೆದರು. ತೀರ್ಮಾನ ಬರಲಿಲ್ಲ, ಅಕ್ಕ ಬಂದಳು.

ಅಕ್ಕ ಮುದುಕಿಯಾಗಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಬ್ಯಾಗು ಕೆಳಗಿಟ್ಟು ತಮ್ಮನ ತೋಳು ಹಿಡಿದುಕೊಂಡು, ಇನ್ನೂ ಕಡ್ಡಿಯಾಗಿಯೇ ಇದೀಯಲ್ಲೋ, ಎಂದಳು. ದಾರಿಯಲ್ಲಿ ಬಸ್ಸಿನವನು ಹೇಗೆ ಓಡಿಸಿದ, ನೀನು ಕಂಡಿದ್ದರೆ ಅವನ ಲೈಸೆನ್ಸು ಕಿತ್ತುಕೊಳ್ಳುತ್ತಿದ್ದೆ ಎಂದು ಹೇಳಿ ತಾನೇ ನಕ್ಕಳು. ಮಗಳು ಟೀ ಕೊಟ್ಟಳು. ಅಕ್ಕ ಎಡಬಿಡದೆ ಮಾತಾಡಿದಳು, ತನ್ನ ಮನೆಯ ನೀರಿನ ಪೈಪಿನ ವಿಚಾರ, ಪಕ್ಕದ ಮನೆಯವರ ನಾಯಿಯ ವಿಚಾರ, ವರ್ಷಗಟ್ಟಲೆ ಹೇಳದೆ ಉಳಿದಿದ್ದ ಸಣ್ಣಪುಟ್ಟದ್ದೆಲ್ಲ. ಅವಳ ಮುಖದ ಬೆಳಕು ನೋಡಿದಷ್ಟೂ ಮೇಷ್ಟ್ರಿಗೆ ತಾನು ಕಳ್ಳನೋಟು ಕೊಟ್ಟು ಸಾಮಾನು ತಂದವನ ಹಾಗೆ ಅನ್ನಿಸತೊಡಗಿತು.

ಕೊನೆಗೆ ಅವರು ಹೇಳಿಬಿಟ್ಟರು. ಸುತ್ತಿಬಳಸಲಿಲ್ಲ. ಗೊತ್ತಿಲ್ಲದೆ ಅಮಲಿನ ವಸ್ತು ತಿಂದದ್ದು, ಆಸ್ಪತ್ರೆ ಸೇರಿದ್ದು, ಆ ಹೊತ್ತಿನಲ್ಲೇ ಫೋನು ಮಾಡಿಸಿದ್ದು. ನಿನ್ನೆ ಆಡಿದ ಮಾತು ನನ್ನದು ಹೌದೋ ಅಲ್ಲವೋ ನನಗೆ ಗೊತ್ತಾಗುತ್ತಿಲ್ಲ ಎಂದರು. ಸುಳ್ಳೆನ್ನಲೂ ಬಾಯಿ ಬರುವುದಿಲ್ಲ, ಇವತ್ತು ಅದನ್ನೇ ಇನ್ನೊಮ್ಮೆ ಹೇಳು ಎಂದರೆ ಅದೂ ಆಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು, ತಪ್ಪು ನಂದು ಅತ್ತೆ, ಎಂದಳು.

ಅಕ್ಕ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮುಖದ ಬೆಳಕು ಇಳಿದಿತ್ತು, ಆದರೆ ಮೇಷ್ಟ್ರು ಹೆದರಿದ್ದ ಹಾಗೆ ಅವಳು ಅಳಲಿಲ್ಲ. ಲೋಟ ಕೆಳಗಿಟ್ಟು ತಲೆ ಎತ್ತಿದಳು.

"ನನ್ನ ಕೈ ಅಮ್ಮನ ಹಣೆ ಮೇಲಿರ್ಲಿಲ್ಲ ಗುಂಡ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ.

"ನಾನು ಒಳಗೇ ಇರ್ಲಿಲ್ಲ. ಸರಿ ತೆಗೀರಿ ಅಂತ ಹೇಳಿದ್ಮೇಲೆ ಅಲ್ಲಿ ನಿಂತ್ಕೊಳ್ಳೋಕಾಗ್ಲಿಲ್ಲ. ಆಚೆ ಕಾರಿಡಾರಲ್ಲಿ ಗೋಡೆಗೆ ಮುಖ ಮಾಡ್ಕೊಂಡು ನಿಂತಿದ್ದೆ. ಮುಗೀತು ಅಂತ ಅವರೇ ಬಂದು ಹೇಳಿದ್ರು. ನಿನ್ನೆ ನೀನು ಹಾಗಂದಾಗ, ಇರ್ಲಿಲ್ಲ ಕಣೋ ಅನ್ಬೇಕಿತ್ತು. ಅನ್ನಲಿಲ್ಲ. ಹಂಗೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸ್ತು."

"ಹಾಗಾದ್ರೆ ಒಳಗೆ ಯಾರಿದ್ರು?"

"ಒಬ್ಬ ನರ್ಸ್ ಇದ್ಲು."

ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಎದ್ದು ಹೊರಗೆ ಹೋದರು. ಮನೆಯ ಮುಂದೆ ಗಾಡಿ ನಿಂತಿತ್ತು, ನಿನ್ನೆಯ ಧೂಳು ಹಾಗೇ ಇತ್ತು. ಅವರು ಅದಕ್ಕೆ ಒರಗಿ ನಿಂತರು. ಈಗ ಸಿಟ್ಟು ಬಂತು. ಬರಬೇಕಾದಷ್ಟೇ ಬಂತು, ಅಮ್ಮ ಒಬ್ಬಳೇ ಹೋದಳು, ಅಕ್ಕ ಗೋಡೆ ನೋಡುತ್ತ ನಿಂತಿದ್ದಳು, ತಾನು ಎಲ್ಲೋ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಿದ್ದ. ನಿನ್ನೆ ಕಂಡದ್ದೆಲ್ಲ ಹಾಗಾದರೆ ತನ್ನದೇ ತಲೆ ಕಟ್ಟಿದ್ದು. ಆ ಬೆಚ್ಚಗಿನ ಕೈ ಯಾರದ್ದೂ ಅಲ್ಲ. ಅಥವಾ ಆ ನರ್ಸಿನದೋ. ಮಗಳು ಹಿಡಿದುಕೊಂಡಿದ್ದ ಕೈಯೇ ಇರಬಹುದು. ಎಷ್ಟು ಯೋಚಿಸಿದರೂ ಎಳೆ ಸಿಗಲಿಲ್ಲ.

ವಿಚಿತ್ರವೆಂದರೆ, ಅಷ್ಟು ವರ್ಷ ಅವರು ಅಕ್ಕನನ್ನು ನೆನೆದಾಗೆಲ್ಲ ಅವಳು ಅಮ್ಮನ ಮಂಚದ ಪಕ್ಕ ಧಿಮಾಕಿನಿಂದ ನಿಂತಿರುತ್ತಿದ್ದಳು, ಎಲ್ಲ ತನ್ನದೇ ಎನ್ನುವ ಹಾಗೆ. ಈಗ ಎಷ್ಟು ಪ್ರಯತ್ನಪಟ್ಟರೂ ಆ ಚಿತ್ರ ಬರುತ್ತಿರಲಿಲ್ಲ. ಉದ್ದನೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತ ಒಬ್ಬ ಹೆಂಗಸು ಬರುತ್ತಿದ್ದಳು. ಓಡಾಡುವವರು ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದರು. ಇದಕ್ಕೆ ಯಾವ ಅಮಲೂ ಬೇಕಾಗಿರಲಿಲ್ಲ.

ಟೈಲರಮ್ಮ ಆ ದಾರಿಯಲ್ಲಿ ಬಂದು, ಹೇಗಿದೀರಿ ಎಂದು ವಿಚಾರಿಸಿದರು. ಅವರು ಪರವಾಗಿಲ್ಲ ಎಂದರು. ನಿನ್ನೆ ಸೇತುವೆಯ ಮೇಲೆ ಮೂರನೇ ಗೇರು ಹಾಕಿದೆ, ನೀವು ನೋಡಲಿಲ್ಲ, ಎಂದು ಟೈಲರಮ್ಮ ತುಸು ಬೇಸರದಿಂದ ಹೇಳಿದರು. ಮುಂದಿನ ಪಾಠದಲ್ಲಿ ನೋಡುತ್ತೇನೆ ಎಂದು ಮೇಷ್ಟ್ರು ಮಾತುಕೊಟ್ಟರು.

ಅವರು ಒಳಗೆ ಬಂದಾಗ ಮಧ್ಯಾಹ್ನದ ಬಿಸಿಲು ಮನೆಯೊಳಗೆ ನುಗ್ಗಿತ್ತು. ಮಗಳು ಬೆರಳು ತುಟಿಗಿಟ್ಟು ಸನ್ನೆ ಮಾಡಿದಳು. ಅಕ್ಕ ನಡುಮನೆಯ ದಿವಾನದ ಮೇಲೆ ನಿದ್ದೆಹೋಗಿದ್ದಳು. ಊಟ ಬೇಡ ಎಂದಳಂತೆ, ಸ್ವಲ್ಪ ಕಾಲು ಚಾಚುತ್ತೇನೆ ಎಂದು ಮಲಗಿದವಳಿಗೆ ಹಾಗೇ ಜೊಂಪು ಹತ್ತಿತಂತೆ. ಬಾಯಿ ತುಸು ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು. ಬಿಸಿಲು ಅವಳ ಕಣ್ಣಿನ ಮೇಲೆ ಬೀಳುವುದರಲ್ಲಿತ್ತು. ಮೇಷ್ಟ್ರು ಹೋಗಿ ಪರದೆ ಎಳೆದರು.

ತಿರುಗಿ ಬರುವಾಗ ಕಂಡರು, ಅವಳ ಒಂದು ಕೈ ದಿವಾನದ ಅಂಚಿನಿಂದ ಕೆಳಗೆ ಜಾರಿ ನೇತಾಡುತ್ತಿತ್ತು. ಬಹಳ ಹೊತ್ತು ಹಾಗಿದ್ದರೆ ಜೋಮು ಹಿಡಿಯುತ್ತದೆ. ಅವರು ಬಗ್ಗಿ ಅದನ್ನು ಎತ್ತಿದರು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ತಣ್ಣಗಿತ್ತು. ಅವಳ ಎದೆಯ ಮೇಲಿಡಬೇಕು ಎಂದುಕೊಂಡರು. ಇಟ್ಟರೆ ಎಚ್ಚರವಾದೀತು ಅನ್ನಿಸಿತು. ಬಿಟ್ಟರೂ ಎಚ್ಚರವಾದೀತು. ಹಾಗೆ ಅರ್ಧ ಬಗ್ಗಿಕೊಂಡೇ, ಆ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಅವರು ನಿಂತಿದ್ದರು. ಅಡುಗೆಮನೆಯಲ್ಲಿ ಮಗಳು ತಟ್ಟೆಗಳನ್ನು ಒಂದೊಂದಾಗಿ, ಸದ್ದಾಗದ ಹಾಗೆ ಮೇಜಿನ ಮೇಲೆ ಇಡುತ್ತಿದ್ದಳು.